ಕಿಟಕಿ ಕುಟ್ಟುವ ಮಡಿವಾಳ, ಮರಿ ಹೊತ್ತ ಕಾಗೆ: ಹಿತ್ತಿಲಿನ ಹಕ್ಕಿಗಳಲ್ಲಿ ಸಮಾಧಾನ ಹುಡುಕುವವರಿಗೆ

ಪ್ರಶ್ನೆ: ನಾನು ಮೈಸೂರಿನ ಹಳೆಯ ಬಡಾವಣೆಯೊಂದರಲ್ಲಿ ವಾಸವಾಗಿರುವ ನಿವೃತ್ತ ಶಿಕ್ಷಕಿ. ಕಳೆದ ಜನವರಿಯಲ್ಲಿ ಯಜಮಾನರು ತೀರಿಕೊಂಡರು. ಅಂದಿನಿಂದ ಜಪಕ್ಕೆ ಕುಳಿತರೆ ಮನಸ್ಸು ನಿಲ್ಲುವುದಿಲ್ಲ. ಬೆಳಿಗ್ಗೆ ಹಿತ್ತಿಲ ಬಾಗಿಲಲ್ಲಿ ಕುಳಿತು ಹಕ್ಕಿಗಳನ್ನು ನೋಡುವಾಗ ಮಾತ್ರ ಎದೆಯ ಭಾರ ಇಳಿದಂತಾಗುತ್ತದೆ, ಒಮ್ಮೊಮ್ಮೆ ಸಂತೋಷವೂ ಆಗುತ್ತದೆ, ಮರುಗಳಿಗೆಯೇ ಹಾಗೆ ಸಂತೋಷಪಟ್ಟದ್ದು ತಪ್ಪೆನಿಸುತ್ತದೆ. ಮಾರ್ಚ್ ತಿಂಗಳಿನಿಂದ ಮಡಿವಾಳ ಹಕ್ಕಿಯೊಂದು ಅವರು ಕೂರುತ್ತಿದ್ದ ಕೋಣೆಯ ಕಿಟಕಿಯ ಗಾಜನ್ನು ದಿನವೂ ಕುಟ್ಟುತ್ತಿದೆ. ಅವರೇ ಬಂದಿದ್ದಾರೆ ಎನ್ನುತ್ತಾರೆ ನೆಂಟರು. ಏಪ್ರಿಲಿನಲ್ಲಿ ಮಲ್ಲಿಗೆ ಬಳ್ಳಿಯಲ್ಲಿ ಗೂಡು ಕಟ್ಟಿದ್ದ ಪಿಕಳಾರದ ಮರಿಗಳನ್ನು ಕಾಗೆ ಹೊತ್ತೊಯ್ದಿತು. ಹತ್ತನೆಯ ದಿನ ಪಿಂಡ ಮುಟ್ಟಲೆಂದು ಕಾದು ಕರೆದಿದ್ದ ಕಾಗೆಗೇ ಅಂದು ಕಲ್ಲೆತ್ತಿದೆ. ಹಕ್ಕಿ ನೋಡುವುದನ್ನು ಸಾಧನೆ ಎನ್ನಬಹುದೇ, ಅಥವಾ ಅದು ಬರೀ ಮರೆವೇ? ಹಿತ್ತಿಲಿಗೆ ಇನ್ನಷ್ಟು ಹಕ್ಕಿಗಳು ಬರಲು ಏನು ಮಾಡಬೇಕು?

ಉತ್ತರ: ಕಿಟಕಿಯ ಹಕ್ಕಿಯಿಂದಲೇ ತೊಡಗುತ್ತೇನೆ, ಏಕೆಂದರೆ ನೀವು ಕೇಳಿರುವ ಎಲ್ಲ ವಿಷಯಗಳ ಪೈಕಿ ತಡಮಾಡಬಾರದ ವಿಷಯ ಅದೊಂದೇ. ಮಡಿವಾಳ ಹಕ್ಕಿಯ ಸಂತಾನಕಾಲ ನಮ್ಮ ಕಡೆ ಬೇಸಗೆಯ ಆರಂಭದಲ್ಲಿ ಚುರುಕಾಗಿ ಮಳೆಗಾಲದ ನಡುವಿನವರೆಗೆ ಸಾಗುತ್ತದೆ. ಆ ತಿಂಗಳುಗಳಲ್ಲಿ ಗಂಡುಹಕ್ಕಿ ಒಂದೆರಡು ಮನೆಗಳ ಹಿತ್ತಿಲಿನಷ್ಟು ಜಾಗವನ್ನು ತನ್ನದೆಂದು ಸಾರಿ, ಅಲ್ಲಿಗೆ ಕಾಲಿಡುವ ಬೇರೆ ಗಂಡನ್ನು ಬೆನ್ನಟ್ಟಿ ಓಡಿಸುತ್ತದೆ. ಹೊರಗೆ ಬೆಳಕು, ಒಳಗೆ ಕತ್ತಲೆ ಇರುವ ಕೋಣೆಯ ಕಿಟಕಿಯ ಗಾಜು ಅದಕ್ಕೆ ಕನ್ನಡಿಯಾಗುತ್ತದೆ. ಅದರಲ್ಲಿ ಕಾಣುವ ಕಪ್ಪು-ಬಿಳುಪಿನ ಹಕ್ಕಿ ತಾನೇ ಎಂದು ಅದಕ್ಕೆ ತಿಳಿಯದು. ತನ್ನಷ್ಟೇ ಗಟ್ಟಿಗನಾದ, ತಾನು ಬಂದಾಗಲೆಲ್ಲ ಎದುರಾಗುವ, ಎಷ್ಟು ಹೊಡೆದರೂ ಹಿಂದೆ ಸರಿಯದ ವೈರಿಯೊಬ್ಬ ಅಲ್ಲಿದ್ದಾನೆ ಎಂದು ಅದು ತಿಳಿದಿದೆ. ಮೋಟಾರು ವಾಹನಗಳ ಪಕ್ಕದ ಕನ್ನಡಿಗಳ ಮೇಲೆ ಪಿಕಳಾರ, ಸೂರಕ್ಕಿ, ಮಡಿವಾಳಗಳು ಎರಗುವುದೂ ಇದೇ ಕಾರಣಕ್ಕೆ. ನಿಮ್ಮ ಯಜಮಾನರು ಕೂರುತ್ತಿದ್ದ ಕೋಣೆ ಈಗ ದಿನವಿಡೀ ಮುಚ್ಚಿದ್ದು ಕತ್ತಲೆಯಾಗಿದ್ದರೆ, ಹಿಂದೆಂದೂ ಕನ್ನಡಿಯಾಗದಿದ್ದ ಗಾಜು ಈ ವರ್ಷ ಕನ್ನಡಿಯಾಗಿರುವುದಕ್ಕೆ ಅದೇ ಕಾರಣವಿದ್ದೀತು.

ಇದನ್ನು ಬರೆಯುವಾಗ ನಿಮ್ಮಿಂದ ಏನನ್ನೋ ಕಿತ್ತುಕೊಳ್ಳುತ್ತಿದ್ದೇನೆ ಎಂಬ ಅರಿವು ನನಗಿದೆ. ಆದರೂ ಬರೆಯಬೇಕಾಗಿದೆ, ಏಕೆಂದರೆ ಆ ಹಕ್ಕಿ ಗೂಡು ಕಾಯಬೇಕಾದ, ಮರಿಗಳಿಗೆ ಹುಳು ತರಬೇಕಾದ ದಿನಗಳನ್ನು ಇಲ್ಲದ ವೈರಿಯೊಡನೆ ಕಾದಾಡಿ ಕಳೆಯುತ್ತಿದೆ. ಅದರ ದಣಿವನ್ನು ನಾವು ಭೇಟಿ ಎಂದು ಓದುತ್ತಿದ್ದೇವೆ. ದಯವಿಟ್ಟು ಗಾಜಿನ ಹೊರಮೈಗೆ ಹಳೆಯ ಪತ್ರಿಕೆಯನ್ನೋ ತೆಳುವಾದ ಬಟ್ಟೆಯನ್ನೋ ಕೆಲವು ವಾರಗಳ ಮಟ್ಟಿಗೆ ಅಂಟಿಸಿ. ಒಳಗಿನಿಂದ ಪರದೆ ಎಳೆದರೆ ಸಾಲದು, ಪ್ರತಿಬಿಂಬ ಮೂಡುವುದು ಹೊರಮೈಯಲ್ಲಿ. ಸಾಬೂನಿನ ನೀರನ್ನು ಬಳಿದು ಒಣಗಲು ಬಿಟ್ಟರೂ ಗಾಜು ಮಂಕಾಗಿ ಕೆಲಸ ನಡೆಯುತ್ತದೆ. ಸಾಧ್ಯವಿದ್ದರೆ ಆ ಕೋಣೆಯ ಕಿಟಕಿಯನ್ನು ಹಗಲು ಹೊತ್ತು ತೆರೆದೇ ಇಡಿ.

ತೀರಿಹೋದವರು ಹಕ್ಕಿಯಾಗಿ ಬರುತ್ತಾರೆಯೇ ಎಂಬುದನ್ನು ಹಕ್ಕಿಗಳ ಬಗ್ಗೆ ಓದಿದವನು ಹೇಳಲಾರ, ಅದು ನನ್ನ ವಿದ್ಯೆಗೆ ಹೊರಗಿನ ಮಾತು. ನಾನು ಹೇಳಬಲ್ಲದ್ದು ಇಷ್ಟು: ನಮ್ಮ ನಾಡಿನಲ್ಲಿ ಹಕ್ಕಿಗಳ ಮೇಲೆ ನಾವು ಬಹಳ ಭಾರ ಹೊರಿಸಿದ್ದೇವೆ. ಹಾಲಕ್ಕಿ ನುಡಿದರೆ ಶಕುನ, ಗೂಬೆ ಕೂಗಿದರೆ ಸಾವು, ಕೆಂಬೂತ ಕಂಡರೆ ಶುಭ ಎಂದು ಅವುಗಳ ಪ್ರತಿಯೊಂದು ಚಲನೆಯನ್ನೂ ನಮ್ಮ ಕಡೆಗೆ ತಿರುಗಿಸಿಕೊಂಡಿದ್ದೇವೆ. ಅಕ್ಕಮಹಾದೇವಿ ಒಂದು ವಚನದಲ್ಲಿ ಗಿಳಿ, ಕೋಗಿಲೆ, ಹಂಸೆ, ನವಿಲುಗಳನ್ನು ಒಂದೊಂದಾಗಿ ಕರೆದು ಚೆನ್ನಮಲ್ಲಿಕಾರ್ಜುನನನ್ನು ಕಂಡಿರಾ ಎಂದು ಕೇಳಿದರೇ ಹೊರತು, ಅಲ್ಲಿ ಯಾವ ಹಕ್ಕಿಯನ್ನೂ ನೀನೇ ಅವನು ಎನ್ನಲಿಲ್ಲ. ಗಿಳಿ ಗಿಳಿಯಾಗಿಯೇ ಉಳಿಯಿತು, ಹುಡುಕುವವಳ ಹಂಬಲವೂ ಉಳಿಯಿತು. ನಿಮಗೂ ಅದು ಸಾಧ್ಯವಿದೆ. ಮಡಿವಾಳವನ್ನು ಮಡಿವಾಳವಾಗಿ ನೋಡುತ್ತಲೇ ಯಜಮಾನರನ್ನು ನೆನೆಯಬಹುದು, ಬೇಕಿದ್ದರೆ ಅವರ ಬಗ್ಗೆ ಅದರೊಡನೆ ಮಾತನಾಡಲೂಬಹುದು.

ಮಡಿವಾಳದಿಂದ ನಿಮಗೆ ನಿಜವಾಗಿ ದಕ್ಕಬಹುದಾದದ್ದು ಕಿಟಕಿಯ ಬಳಿ ಇಲ್ಲ, ಬೆಳಗಿನ ಜಾವದಲ್ಲಿದೆ. ಈ ತಿಂಗಳುಗಳಲ್ಲಿ ನಸುಕು ಹರಿಯುವ ಮುನ್ನ, ಕಾಗೆಗಳು ಎದ್ದು ಗದ್ದಲ ಮಾಡುವುದಕ್ಕೂ ಮೊದಲೇ, ತಾರಸಿಯ ಅಂಚಿನಿಂದಲೋ ತೆಂಗಿನ ಗರಿಯ ತುದಿಯಿಂದಲೋ ಗಂಡು ಮಡಿವಾಳ ಹಾಡಲು ತೊಡಗುತ್ತದೆ. ನಮ್ಮ ಊರುಗಳಲ್ಲಿ ಬೆಳಗಿನ ಮೊದಲ ಹಾಡುಗಾರರಲ್ಲಿ ಅದೂ ಒಂದು. ಒಂದು ಸಾಲನ್ನು ಹಾಡಿ ನಿಲ್ಲಿಸಿ, ಅದನ್ನೇ ತುಸು ಬದಲಿಸಿ ಮತ್ತೆ ಹಾಡುತ್ತದೆ. ನಡುವೆ ಬೇರೆ ಹಕ್ಕಿಗಳ ದನಿಯ ತುಣುಕುಗಳನ್ನೂ ಸೇರಿಸುತ್ತದೆ. ಹಕ್ಕಿಗಳ ಧ್ವನಿಯಂಗ ನಮ್ಮಂತೆ ಗಂಟಲಿನ ಮೇಲ್ಭಾಗದಲ್ಲಿ ಇರದೆ, ಉಸಿರುನಾಳ ಎರಡಾಗಿ ಕವಲೊಡೆಯುವ ಎದೆಯ ಆಳದಲ್ಲಿದೆ, ಅದರ ಎರಡು ಬದಿಗಳು ಬೇರೆ ಬೇರೆಯಾಗಿ ದನಿ ಹೊರಡಿಸಬಲ್ಲವು. ಒಂದು ಕೊರಳಿನಿಂದ ಅಷ್ಟೆಲ್ಲ ಬರುವುದು ಹೇಗೆ ಎಂದು ಕೇಳುವವರು ಬೆರಗಾಗುವುದಕ್ಕೆ ಕಾರಣವಿದೆ. ಚಳಿಗಾಲದಲ್ಲಿ ಅದೇ ಹಕ್ಕಿ ಹೆಚ್ಚುಕಡಿಮೆ ಮೌನಿ, ಪೊದೆಯಡಿಯಿಂದ ಒರಟಾದ ಒಂದು ಕಿರುದನಿ ಹೊರಡಿಸಿದರೆ ಹೆಚ್ಚು. ಆದ್ದರಿಂದ ಈಗ ಕೇಳಿಸಿಕೊಳ್ಳಿ.

ಇನ್ನು ಸಾಧನೆಯೋ ಮರೆವೋ ಎಂಬ ಪ್ರಶ್ನೆ. ಭಾಗವತದ ಹನ್ನೊಂದನೆಯ ಸ್ಕಂಧದಲ್ಲಿ ಅವಧೂತನೊಬ್ಬ ಯದುರಾಜನಿಗೆ ತನ್ನ 24 ಗುರುಗಳನ್ನು ಹೆಸರಿಸುತ್ತಾನೆ. ಅವರಲ್ಲಿ ಒಂದು ಪಾರಿವಾಳ, ಇನ್ನೊಂದು ಕುರರ ಎಂಬ ಬೇಟೆಹಕ್ಕಿ. ಮಾಂಸದ ತುಂಡನ್ನು ಹಿಡಿದು ಹಾರುತ್ತಿದ್ದ ಕುರರವನ್ನು ಬಲಶಾಲಿ ಹಕ್ಕಿಗಳು ಬೆನ್ನಟ್ಟಿ ಪೀಡಿಸುತ್ತವೆ. ತುಂಡನ್ನು ಕೆಳಗೆ ಬಿಟ್ಟ ಕೂಡಲೇ ಅದಕ್ಕೆ ನೆಮ್ಮದಿ ದೊರೆಯುತ್ತದೆ. ಇದರಿಂದ ಹೊರಡುವ ವೈರಾಗ್ಯದ ಪಾಠವನ್ನು ಪ್ರವಚನಕಾರರೆಲ್ಲ ಹೇಳುತ್ತಾರೆ. ನನ್ನ ಗಮನ ಹೋಗುವುದು ಬೇರೆಡೆಗೆ. ಈ ಮಾತನ್ನು ಮೊದಲು ಹೇಳಿದವರು ಆಕಾಶದಲ್ಲಿ ಇದನ್ನು ಕಣ್ಣಾರೆ ಕಂಡಿರಲೇಬೇಕು. ಮೈಸೂರಿನ ಮಾರುಕಟ್ಟೆಗಳ ಮೇಲೆ, ಕೆರೆಗಳ ಮೇಲೆ ಬೇಟೆ ಹಿಡಿದ ಹದ್ದನ್ನು ಕಾಗೆಗಳೂ ಬೇರೆ ಹದ್ದುಗಳೂ ಬೆನ್ನಟ್ಟುವುದನ್ನು, ತುಂಡು ಜಾರಿದ ಕ್ಷಣದಲ್ಲಿ ಗುಂಪೆಲ್ಲ ಅದರ ಹಿಂದೆ ತಿರುಗಿ ಹದ್ದು ಒಂಟಿಯಾಗಿ ತೇಲುವುದನ್ನು ಇಂದೂ ನೋಡಬಹುದು. ಹಾಗಾಗಿ ಪಾಠಕ್ಕಿಂತ ಮೊದಲು ನೋಟವಿತ್ತು, ಆ ನೋಟಕ್ಕೆ ತಾಳ್ಮೆ ಬೇಕಿತ್ತು. ಅವಧೂತನಿಗೆ ಗುರುವಾಗುವಷ್ಟು ಯೋಗ್ಯತೆ ಹಕ್ಕಿಗೆ ಇದೆಯೆಂದು ಪರಂಪರೆಯೇ ಒಪ್ಪಿರುವಾಗ, ಹಿತ್ತಿಲ ಬಾಗಿಲಲ್ಲಿ ಕುಳಿತ ನೀವು ಸಂಕೋಚಪಡಬೇಕಾಗಿಲ್ಲ.

ಜಪದಲ್ಲಿ ನಿಲ್ಲದ ಮನಸ್ಸು ಹಕ್ಕಿಯಲ್ಲಿ ನಿಲ್ಲುವುದೇಕೆ ಎಂಬುದಕ್ಕೂ ಕಾರಣ ಹೇಳಬಹುದು. ದುಃಖದಲ್ಲಿರುವ ಮನಸ್ಸು ಕಣ್ಣುಮುಚ್ಚಿದ ಕೂಡಲೇ ತನ್ನೊಳಗೇ ಸುತ್ತತೊಡಗುತ್ತದೆ, ಆಸ್ಪತ್ರೆಯ ಕೊನೆಯ ದಿನಗಳೂ ಆಡದೆ ಉಳಿದ ಮಾತುಗಳೂ ಒಂದರ ಹಿಂದೊಂದು ಬರುತ್ತವೆ. ಹಕ್ಕಿಯಾದರೋ ಹೊರಗಿದೆ, ಚಲಿಸುತ್ತಿದೆ, ಮುಂದಿನ ಕ್ಷಣ ಏನು ಮಾಡುವುದೆಂದು ಮೊದಲೇ ಹೇಳಲು ಬರುವುದಿಲ್ಲ. ಅದನ್ನು ನೋಡಬೇಕಾದರೆ ನಾವು ಅಲುಗಾಡಬಾರದು, ಮಾತನಾಡಬಾರದು, ಉಸಿರನ್ನೂ ಮೆಲ್ಲಗೆ ಬಿಡಬೇಕು; ಗಮನ ತಪ್ಪಿದ ಗಳಿಗೆಯಲ್ಲೇ ಅದು ಹಾರಿಹೋಗಿರುತ್ತದೆ. ಯಾರೂ ಹೇಳಿಕೊಡದೆಯೇ ಆಸನ, ಮೌನ, ಏಕಾಗ್ರತೆ ಮೂರನ್ನೂ ಹಕ್ಕಿ ನಮ್ಮಿಂದ ಮಾಡಿಸುತ್ತದೆ. ಇದನ್ನು ಮರೆವು ಎನ್ನಲು ನಾನು ಒಪ್ಪುವುದಿಲ್ಲ. ಮರೆಯಬಯಸುವವರು ದೂರದರ್ಶನದ ಮುಂದೆ ಕೂರುತ್ತಾರೆ, ಅಲ್ಲಿ ಮನಸ್ಸು ಮಂಕಾಗುತ್ತದೆ. ಹಕ್ಕಿಯ ಮುಂದೆ ಅದು ಎಚ್ಚರವಾಗುತ್ತದೆ.

ನನ್ನ ಸಲಹೆ ಒಂದೇ: ಬಂದ ಹಕ್ಕಿಗಳನ್ನು ಎಣಿಸುವುದಕ್ಕಿಂತ ಒಂದನ್ನೇ ಆರಿಸಿಕೊಂಡು, ಅದು ಕಣ್ಮರೆಯಾಗುವವರೆಗೆ ಅದನ್ನೇ ನೋಡಿ. ಟುವ್ವಿ ಹಕ್ಕಿ ದಾಸವಾಳದ ಪ್ರತಿ ಎಲೆಯ ಕೆಳಮೈಯನ್ನು ಹೇಗೆ ತಪಾಸಣೆ ಮಾಡುತ್ತದೆ, ಜೇಡರ ಬಲೆಯ ಎಳೆಯನ್ನು ಕೊಕ್ಕಿನಲ್ಲಿ ಎಳೆದು ಎಲೆಯ ಅಂಚಿನ ತೂತಿನಲ್ಲಿ ಹೇಗೆ ತೂರಿಸುತ್ತದೆ ಎಂಬುದು ಅವಸರದವರಿಗೆ ಕಾಣುವುದಿಲ್ಲ. ಹರಟೆಮಲ್ಲಗಳ ಗುಂಪು ಬಂದರೆ ಅವುಗಳ ಗಲಾಟೆಯನ್ನು ದಾಟಿ ನೋಡಿ. ಉಳಿದವು ನೆಲ ಕೆದಕುವಾಗ ಒಂದು ಎತ್ತರದಲ್ಲಿ ಕುಳಿತು ಕಾವಲಿರುತ್ತದೆ. ಎರಡು ಹಕ್ಕಿಗಳು ಒತ್ತಿಕೊಂಡು ಕುಳಿತು ಒಂದರ ಕತ್ತಿನ ಗರಿಯನ್ನು ಇನ್ನೊಂದು ಕೊಕ್ಕಿನಿಂದ ನೇವರಿಸುತ್ತದೆ. ಗೂಡಿನಲ್ಲಿ ಮರಿಗಳಿದ್ದರೆ ಹೆತ್ತವುಗಳಲ್ಲದೆ ಗುಂಪಿನ ಇತರ ಹಕ್ಕಿಗಳೂ ಗುಟುಕು ತರುತ್ತವೆ. ಕೈಯಲ್ಲಿ ಫೋನು ಬೇಡ. ಚಿತ್ರ ತೆಗೆಯುವ ಆತುರ ಬಂದೊಡನೆ ನೋಟ ಹೋಗುತ್ತದೆ. ದುರ್ಬೀನು ಬೇಕೆನಿಸಿದರೆ ಎಂಟು ಪಟ್ಟು ಹಿಗ್ಗಿಸುವ ಹಗುರವಾದದ್ದು ಸಾಕು, ಅದಕ್ಕಿಂತ ಹೆಚ್ಚಿನದು ಕೈನಡುಕದಲ್ಲಿ ಮಸುಕಾಗುತ್ತದೆ. ಜಪವನ್ನು ಬಿಡಬೇಕೆಂದು ನಾನು ಹೇಳುತ್ತಿಲ್ಲ. ಹಕ್ಕಿ ನೋಡಿ ಎದ್ದ ಮೇಲೆ, ಮನಸ್ಸು ತಿಳಿಯಾಗಿರುವಾಗ, ಐದು ನಿಮಿಷ ಜಪಕ್ಕೆ ಕುಳಿತು ನೋಡಿ.

ಸಂತೋಷಪಟ್ಟದ್ದು ತಪ್ಪೆನಿಸುತ್ತದೆ ಎಂದಿದ್ದೀರಿ. ಪತ್ರದಲ್ಲಿ ನನ್ನನ್ನು ಹೆಚ್ಚು ತಟ್ಟಿದ್ದು ಆ ಮಾತು. ಮನುಷ್ಯರು ಕೊಡುವ ಸಂತೋಷಕ್ಕೆ ಪ್ರತಿಯಾಗಿ ನಾವು ಏನನ್ನಾದರೂ ತೋರಿಸಬೇಕಾಗುತ್ತದೆ. ನಕ್ಕರೆ, ಪರವಾಗಿಲ್ಲ ಚೇತರಿಸಿಕೊಂಡಿದ್ದಾರೆ ಎಂದು ಅವರು ತಿಳಿದುಕೊಳ್ಳುತ್ತಾರೆ. ನಗದಿದ್ದರೆ ಅವರಿಗೆ ಕಸಿವಿಸಿಯಾಗುತ್ತದೆ. ಹಕ್ಕಿ ಹಾಗಲ್ಲ. ಅದು ನಿಮ್ಮನ್ನು ಸಮಾಧಾನಪಡಿಸಲು ಬಂದಿಲ್ಲ, ನೀವು ಅತ್ತರೂ ನಕ್ಕರೂ ಅದಕ್ಕೆ ಒಂದೇ. ಅದಕ್ಕೆ ನಿಮ್ಮಿಂದ ಬೇಕಾದದ್ದು ದೂರ ಮತ್ತು ನಿಶ್ಶಬ್ದ ಮಾತ್ರ. ಹಕ್ಕಿ ನಮಗಾಗಿ ಬರುವುದಿಲ್ಲ ಎಂಬುದರಲ್ಲೇ ಅದು ಕೊಡುವ ಸಮಾಧಾನದ ಗುಟ್ಟು ಇದೆ ಎಂದು ಬಹುಕಾಲ ಹಕ್ಕಿಗಳ ನಡುವೆ ಕಳೆದ ನಾನು ನಂಬಿದ್ದೇನೆ. ನಮ್ಮ ಮನೆಯಲ್ಲಿ ಎಲ್ಲವೂ ನಿಂತುಹೋದ ದಿನವೂ ಗೊರವಂಕ ತನ್ನ ಮರಿಗೆ ಮಿಡತೆ ತರುತ್ತಿತ್ತು ಎಂಬ ಸತ್ಯ ಮೊದಮೊದಲು ಕ್ರೂರವೆನಿಸುತ್ತದೆ, ಬರಬರುತ್ತಾ ಅದೇ ನಮ್ಮನ್ನು ಹಿಡಿದು ನಿಲ್ಲಿಸುತ್ತದೆ. ಲೋಕ ನಮ್ಮ ದುಃಖಕ್ಕಿಂತ ದೊಡ್ಡದಾಗಿದೆ ಎಂದು ತಿಳಿಯುವುದರಿಂದ ಹೋದವರಿಗೆ ಅಗೌರವವೇನೂ ಆಗುವುದಿಲ್ಲ.

ವಿಜ್ಞಾನಿಗಳೂ ಇದನ್ನು ತಮ್ಮ ರೀತಿಯಲ್ಲಿ ಪರೀಕ್ಷಿಸಿದ್ದಾರೆ. ಲಂಡನ್ನಿನ ಕಿಂಗ್ಸ್ ಕಾಲೇಜಿನವರು 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 1,292 ಜನರು, ಹಕ್ಕಿಯನ್ನು ಕಂಡಿರಾ, ಕೇಳಿದಿರಾ, ಈಗ ಹೇಗನಿಸುತ್ತಿದೆ ಎಂಬ ಪ್ರಶ್ನೆಗಳಿಗೆ ದಿನಕ್ಕೆ ಹಲವು ಬಾರಿ ಫೋನಿನಲ್ಲಿ ಉತ್ತರಿಸಿದರು. ಹಕ್ಕಿಯನ್ನು ಕಂಡ ಅಥವಾ ಕೇಳಿದ ಹೊತ್ತಿನಲ್ಲಿ ಅವರ ಮನಃಸ್ಥಿತಿ ಉತ್ತಮವಾಗಿದ್ದುದು ಕಂಡುಬಂದಿತು, ಅದರ ಪರಿಣಾಮ ಎಂಟು ಗಂಟೆಗಳವರೆಗೂ ಉಳಿದಿತ್ತು. ಖಿನ್ನತೆಯಿಂದ ಬಳಲುವವರಲ್ಲೂ ಇದೇ ಕಂಡಿತು. ಇಂಥ ಅಧ್ಯಯನಗಳು ಜನ ತಾವೇ ಹೇಳಿದ್ದನ್ನು ಆಧರಿಸಿರುತ್ತವೆ, ಅವುಗಳಿಂದ ಅತಿಯಾದ ತೀರ್ಮಾನ ಮಾಡಬಾರದು. ಆದರೆ ನಿಮ್ಮ ಎದೆಯ ಭಾರ ಇಳಿಯುವುದು ಬರೀ ಭ್ರಮೆಯಲ್ಲ ಎಂಬುದಕ್ಕೆ ಇಷ್ಟು ಸಾಕು. ಒಂದು ಮಾತನ್ನು ಇಲ್ಲಿ ಸೇರಿಸಲೇಬೇಕು: ತಿಂಗಳುಗಟ್ಟಲೆ ನಿದ್ರೆ ಬಾರದಿದ್ದರೆ, ಊಟ ಸೇರದಿದ್ದರೆ, ಬದುಕು ಬೇಡವೆನಿಸಿದರೆ ಹಕ್ಕಿಗಳನ್ನು ನೆಚ್ಚಿಕೊಂಡು ಸುಮ್ಮನಿರಬೇಡಿ. ವೈದ್ಯರನ್ನು ಕಾಣಿ, ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತನಾಡಬಹುದು.

ಪಿಕಳಾರದ ಗೂಡಿನ ವಿಷಯಕ್ಕೆ ಬರುತ್ತೇನೆ, ಅದು ಇವೆಲ್ಲಕ್ಕಿಂತ ಕಠಿಣ. ಹಿತ್ತಿಲನ್ನು ಶಾಂತಿಯ ತಾಣವೆಂದು ತಿಳಿದು ಕುಳಿತವರಿಗೆ ಒಂದಲ್ಲ ಒಂದು ದಿನ ಇದು ಎದುರಾಗಿಯೇ ತೀರುತ್ತದೆ. ಪಿಕಳಾರ ಬಟ್ಟಲಿನಾಕಾರದ ತೆರೆದ ಗೂಡಿನಲ್ಲಿ ಎರಡೋ ಮೂರೋ ಮೊಟ್ಟೆಯಿಡುತ್ತದೆ, ಹನ್ನೆರಡು ಹದಿಮೂರು ದಿನ ಕಾವು ಕೊಡುತ್ತದೆ, ಮರಿಗಳು ಮತ್ತೆ ಸುಮಾರು ಅಷ್ಟೇ ದಿನಗಳಲ್ಲಿ ಗೂಡು ಬಿಡುತ್ತವೆ. ಈ ನಾಲ್ಕು ವಾರಗಳನ್ನು ಕಾಗೆ, ಕೆಂಬೂತ, ಹಾವು, ಬೆಕ್ಕು, ಓತಿಕ್ಯಾತಗಳ ಕಣ್ಣು ತಪ್ಪಿಸಿ ದಾಟುವ ಗೂಡುಗಳು ಕಡಿಮೆ. ನಮ್ಮಂಥ ಬಿಸಿ ನಾಡುಗಳಲ್ಲಿ ತೆರೆದ ಗೂಡು ಕಟ್ಟುವ ಚಿಕ್ಕ ಹಕ್ಕಿಗಳ ಅರ್ಧಕ್ಕಿಂತ ಹೆಚ್ಚು ಗೂಡುಗಳು ವಿಫಲವಾಗುವುದು ಸಾಮಾನ್ಯ ಸಂಗತಿ. ಅದಕ್ಕೆ ತಕ್ಕಂತೆಯೇ ಅವುಗಳ ಬಾಳು ರೂಪುಗೊಂಡಿದೆ. ಗೂಡು ಹಾಳಾದ ಜೋಡಿ ಸ್ವಲ್ಪ ಕಾಲದಲ್ಲೇ ಇನ್ನೊಂದು ಗೂಡಿಗೆ ನಾರು ಹೆಕ್ಕಲು ತೊಡಗುತ್ತದೆ. ಒಂದು ಜೋಡಿ ತನ್ನ ಇಡೀ ಆಯುಷ್ಯದಲ್ಲಿ ಎರಡು ಮರಿಗಳನ್ನು ದೊಡ್ಡವನ್ನಾಗಿಸಿ, ಅವು ಮುಂದೆ ಮರಿಮಾಡುವಂತಾದರೆ ಆ ಊರಿನ ಪಿಕಳಾರಗಳ ಸಂಖ್ಯೆ ಕುಗ್ಗದೆ ಉಳಿಯುತ್ತದೆ. ನೀವು ಕಂಡದ್ದು ಅವುಗಳ ಬದುಕಿನ ಕೊನೆಯಲ್ಲ.

ಕಾಗೆಯ ಪಾಲಿಗೂ ಅದು ಏಪ್ರಿಲ್. ಅದರ ಗೂಡಿನಲ್ಲೂ ಬಾಯಿ ತೆರೆದ ಮರಿಗಳಿದ್ದವು. ಇನ್ನೂ ಒಂದು ಸಂಗತಿಯನ್ನು ಯೋಚಿಸಿ. ಕೋಗಿಲೆ ಗೂಡು ಕಟ್ಟುವುದಿಲ್ಲ. ಕಪ್ಪು ಬಣ್ಣದ ಗಂಡುಕೋಗಿಲೆಯು ಕಾಗೆಗಳ ಗಮನ ಸೆಳೆದು ಕಾಡುತ್ತಿರುವಾಗ ಚುಕ್ಕೆಗಳಿರುವ ಕಂದು ಬಣ್ಣದ ಹೆಣ್ಣುಕೋಗಿಲೆಯು ಕಾಗೆಯ ಗೂಡಿನಲ್ಲಿ ಮೊಟ್ಟೆಯಿಟ್ಟು ಹೋಗುತ್ತದೆ, ಮರಿಯನ್ನು ಸಾಕುವುದು ಕಾಗೆ. ನಿಮ್ಮ ಬಳ್ಳಿಯಿಂದ ಹೋದ ಮರಿ ಯಾವುದೋ ಕೋಗಿಲೆ ಮರಿಯ ಗುಟುಕಾಗಿದ್ದರೂ ಆಗಿರಬಹುದು. ಬರುವ ಯುಗಾದಿಯ ಹೊತ್ತಿಗೆ ನೀವು ಕಿವಿಗೊಟ್ಟು ಕೇಳುವ ಕುಹೂ ದನಿ ಅಲ್ಲಿಂದಲೇ ಬಂದಿರಬಹುದು. ಇದನ್ನು ಹೇಳುವುದು ಸಾವನ್ನು ಸಿಹಿಮಾಡುವುದಕ್ಕಲ್ಲ. ಹಿತ್ತಿಲಿನಲ್ಲಿ ಕೆಟ್ಟ ಹಕ್ಕಿ ಎಂಬುದು ಇಲ್ಲ, ಒಂದರ ಹಸಿವಿನ ಜೊತೆ ಇನ್ನೊಂದರ ಹಾಡು ಹೆಣೆದುಕೊಂಡಿದೆ ಎಂಬುದನ್ನು ಒಪ್ಪಿಕೊಳ್ಳದೆ ಹಕ್ಕಿಗಳಿಂದ ಸಮಾಧಾನ ಪಡೆಯಲು ಬರುವುದಿಲ್ಲ. ಹತ್ತನೆಯ ದಿನ ನೀವು ಕಾದು ಕರೆದ ಕಾಗೆ, ಕಲ್ಲೆತ್ತಿದಾಗ ಹಾರಿದ ಕಾಗೆ ಎರಡೂ ಒಂದೇ. ಸತ್ತದ್ದನ್ನೂ ಎಂಜಲನ್ನೂ ತಿಂದು ಊರನ್ನು ಶುಚಿಯಾಗಿಡುವ, ಆಪತ್ತು ಬಂದರೆ ಬಳಗವನ್ನೆಲ್ಲ ಕೂಗಿ ಕರೆಯುವ ಹಕ್ಕಿ ಅದು. ಪಿತೃಗಳ ಅನ್ನವನ್ನು ಅದಕ್ಕೆ ಒಪ್ಪಿಸಿದ ಹಿರಿಯರಿಗೆ ಅದು ಗೂಡು ಕೊಳ್ಳೆ ಹೊಡೆಯುತ್ತದೆಂಬುದೂ ತಿಳಿದೇ ಇತ್ತು.

ಮುಂದಿನ ಸಲ ಗೂಡು ಕಂಡರೆ ದಿನಕ್ಕೆ ಹತ್ತು ಸಲ ಹತ್ತಿರ ಹೋಗಿ ನೋಡಬೇಡಿ, ಅದನ್ನು ಮರೆಮಾಡಿರುವ ಎಲೆಗಳನ್ನು ಸರಿಸಬೇಡಿ. ಕಾಗೆ ನಮ್ಮ ಚಲನವಲನವನ್ನು ಗಮನಿಸುವಷ್ಟು ಜಾಣ. ಕಣ್ಣು ತೆರೆದು ಗರಿ ಮೂಡಿದ ಮರಿ ನೆಲದ ಮೇಲೆ ಸಿಕ್ಕರೆ ಸಾಮಾನ್ಯವಾಗಿ ಅದು ಹಾರಲು ಕಲಿಯುತ್ತಿರುವ ಮರಿ, ತಾಯಿತಂದೆ ಅಲ್ಲೇ ಇರುತ್ತವೆ. ಬೆಕ್ಕಿಗೆ ಸಿಗದಂತೆ ಹತ್ತಿರದ ಪೊದೆಯ ಮೇಲಿಟ್ಟು ದೂರ ಸರಿದರೆ ಸಾಕು. ಮನುಷ್ಯರು ಮುಟ್ಟಿದ ಮರಿಯನ್ನು ಹಕ್ಕಿ ಸೇರಿಸುವುದಿಲ್ಲ ಎಂಬ ಮಾತು ನಿಜವಲ್ಲ.

ಹಿತ್ತಿಲಿಗೆ ಹಕ್ಕಿಗಳನ್ನು ಕರೆಯುವ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಮೊದಲು ನೀರು. ಅಗಲವಾದ ಮಣ್ಣಿನ ತಟ್ಟೆಯಲ್ಲಿ ಎರಡು ಬೆರಳಿನಷ್ಟು ಆಳಕ್ಕೆ ನೀರಿಟ್ಟು, ನಡುವೆ ಒಂದು ಒರಟು ಕಲ್ಲಿಟ್ಟು, ನೆರಳಿನಲ್ಲಿ, ಬೆಕ್ಕು ಅಡಗಲಾಗದ ಜಾಗದಲ್ಲಿ ಇಡಿ. ದಿನವೂ ನೀರು ಬದಲಿಸಿ ತಟ್ಟೆಯನ್ನು ಉಜ್ಜಿ ತೊಳೆದರೆ ಸೊಳ್ಳೆಯೂ ಆಗದು, ರೋಗವೂ ಹರಡದು. ಕಾಳು ಚೆಲ್ಲುವುದನ್ನು ನಾನು ಪ್ರೋತ್ಸಾಹಿಸುವುದಿಲ್ಲ. ನಗರಗಳಲ್ಲಿ ಅದರಿಂದ ಹೆಚ್ಚುವುದು ಪಾರಿವಾಳಗಳು, ಅವುಗಳ ಹಿಕ್ಕೆಯ ದೂಳು ವಯಸ್ಸಾದವರ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಉಳಿದ ಹಕ್ಕಿಗಳಲ್ಲಿ ಬಹುಪಾಲಿನವಕ್ಕೆ ಕಾಳು ಬೇಕಾಗಿಯೂ ಇಲ್ಲ. ಅವುಗಳಿಗೆ ಬೇಕಾದದ್ದು ಗಿಡಮರ. ಕರಿಬೇವಿನ ಹಣ್ಣಿಗೂ ಬಸಳೆಯ ನೇರಳೆ ಹಣ್ಣಿಗೂ ಪಿಕಳಾರ ಬರುತ್ತದೆ, ಸಂಪಿಗೆಯ ಕೆಂಪು ಬೀಜಕ್ಕೆ ಕುಟ್ರು ಹಕ್ಕಿ ಬರುತ್ತದೆ, ದಾಸವಾಳಕ್ಕೆ ಸೂರಕ್ಕಿ, ಗಸಗಸೆ ಹಣ್ಣಿನ ಮರವೊಂದಿದ್ದರೆ ಹೆಚ್ಚುಕಡಿಮೆ ಎಲ್ಲವೂ ಬರುತ್ತವೆ. ಮೂಲೆಯೊಂದರಲ್ಲಿ ಉದುರಿದ ಎಲೆಗಳನ್ನು ಗುಡಿಸದೆ ಬಿಡಿ, ಮಡಿವಾಳ ಹುಳು ಹುಡುಕುವುದು ಅಲ್ಲೇ. ಕೀಟನಾಶಕ ಬೇಡ. ಪುಣ್ಯ ಬರುತ್ತದೆಂದು ಪಂಜರದ ಮುನಿಯವನ್ನೋ ಗಿಳಿಯನ್ನೋ ಕೊಂಡು ಹಾರಿಬಿಡುವವರು ಇದ್ದಾರೆ. ನೀವು ಕೊಟ್ಟ ಹಣದಿಂದ ಬೇಟೆಗಾರ ಮರುದಿನ ಇನ್ನಷ್ಟು ಹಕ್ಕಿಗಳನ್ನು ಬಲೆಗೆ ಕೆಡವುತ್ತಾನೆ, ನಮ್ಮ ಕಾಡುಹಕ್ಕಿಗಳ ಮಾರಾಟ 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧವೂ ಹೌದು. ಯಜಮಾನರ ಹೆಸರಿನಲ್ಲಿ ಏನಾದರೂ ಮಾಡಬೇಕೆನಿಸಿದರೆ ಒಂದು ಸಂಪಿಗೆ ಸಸಿ ನೆಡಿ.

ಸಾಧ್ಯವಾದರೆ ಫೆಬ್ರವರಿ, ಮಾರ್ಚ್ ತಿಂಗಳಿನಲ್ಲೊಮ್ಮೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಹೋಗಿಬನ್ನಿ. ಅಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಊರೊಳಗಿನ ಹುಣಸೆ ಮರಗಳಲ್ಲಿ, ಜನರ ಮನೆಯ ಹಿತ್ತಿಲಲ್ಲೇ ಗೂಡು ಕಟ್ಟುತ್ತವೆ. ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳಂತೆ ಅವು ಎಂದು ಊರವರು ಹೇಳುತ್ತಾರೆ, ಹಿಕ್ಕೆ ಬಿದ್ದು ಹುಣಸೆ ಫಸಲು ಕೆಟ್ಟರೂ ಮರ ಕಡಿಯುವುದಿಲ್ಲ, ಗೂಡಿನಿಂದ ಬಿದ್ದ ಮರಿಗಳನ್ನು ಸಾಕಿ ಬಿಡುತ್ತಾರೆ. 2007ರಲ್ಲಿ ಅದನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಲಾಯಿತು, ಆದರೆ ಕಾಯ್ದೆ ಬರುವುದಕ್ಕೆ ಬಹಳ ಮೊದಲೇ ಅಲ್ಲಿನ ಜನ ಹಕ್ಕಿಗಳೊಡನೆ ಬಾಳುವುದನ್ನು ಧರ್ಮವೆಂದು ಪಾಲಿಸುತ್ತಿದ್ದರು. ಹಕ್ಕಿ ನೋಡುವುದಕ್ಕೂ ಭಕ್ತಿಗೂ ಸಂಬಂಧವಿದೆಯೇ ಎಂದು ಕೇಳುವವರಿಗೆ ನಾನು ಆ ಊರಿನ ದಾರಿ ತೋರಿಸುತ್ತೇನೆ.

ದುಃಖದಲ್ಲಿರುವವರಿಗೆ ಮುಂದಿನ ತಿಂಗಳುಗಳಲ್ಲಿ ಎದುರುನೋಡಲು ಏನಾದರೂ ಇರಬೇಕು, ಅದನ್ನೂ ಹಕ್ಕಿಗಳು ಒದಗಿಸುತ್ತವೆ. ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ನಡುವಿನ ಹೊತ್ತಿಗೆ ಬೂದು ಕುಂಡೆಕುಸ್ಕ ಹಿಮಾಲಯದ ಕಡೆಯಿಂದ, ಅದರಾಚೆಯಿಂದ ಬಂದು ಬಾಲ ಕುಣಿಸುತ್ತಾ ತಾರಸಿಯ ಮೇಲೆ, ನೀರು ಹರಿಯುವ ಕಡೆ ಓಡಾಡತೊಡಗುತ್ತದೆ. ಅದರ ಹಿಂದೆಯೇ ಹಸಿರು ಉಲಿಯಕ್ಕಿ ಬರುತ್ತದೆ. ಎಂಟು ಗ್ರಾಂ ಆಸುಪಾಸಿನ ಆ ಹಕ್ಕಿ ಸಾವಿರಾರು ಕಿಲೋಮೀಟರು ಹಾರಿ ಬಂದು ಚಳಿಗಾಲವಿಡೀ ಒಂದೆರಡು ಮರಗಳನ್ನು ತನ್ನದಾಗಿಸಿಕೊಂಡು ಚಿಕ್ಕ ದನಿಯಲ್ಲಿ ಕರೆಯುತ್ತಿರುತ್ತದೆ; ಕಾಲಿಗೆ ಉಂಗುರ ತೊಡಿಸಿ ನಡೆಸಿದ ಅಧ್ಯಯನಗಳಲ್ಲಿ ಅದೇ ಹಕ್ಕಿ ಮರುವರ್ಷ ಅದೇ ಮರಗಳಿಗೆ ಮರಳಿದ್ದು ಕಂಡಿದೆ. ಅಕ್ಟೋಬರಿನಲ್ಲಿ ಅದೃಷ್ಟವಿದ್ದರೆ ಹಿತ್ತಿಲ ಎಲೆಗಳ ನಡುವೆ ನವರಂಗವೆಂಬ ಬಣ್ಣಬಣ್ಣದ ಹಕ್ಕಿ ಕಾಣಿಸಬಹುದು. ಏಪ್ರಿಲ್ ಮುಗಿಯುವಷ್ಟರಲ್ಲಿ ಈ ಅತಿಥಿಗಳೆಲ್ಲ ಹೊರಟುಹೋಗುತ್ತವೆ. ಹೋದದ್ದು ಮರಳುವುದನ್ನೂ ಮರಳದಿರುವುದನ್ನೂ ಎರಡನ್ನೂ ಅವುಗಳ ಮೂಲಕ ನೀವು ವರ್ಷವರ್ಷವೂ ಕಾಣುವಿರಿ.

ಒಂದು ನೋಟುಪುಸ್ತಕ ಇಟ್ಟುಕೊಳ್ಳಿ. ಶಿಕ್ಷಕಿಯಾಗಿದ್ದವರಿಗೆ ಬರೆದಿಡುವುದನ್ನು ಹೇಳಿಕೊಡಬೇಕಾಗಿಲ್ಲ: ದಿನಾಂಕ, ಹೊತ್ತು, ಕಂಡ ಹಕ್ಕಿ, ಅದು ಮಾಡುತ್ತಿದ್ದುದು, ಅಷ್ಟೇ. ಫೆಬ್ರವರಿಯಲ್ಲಿ ನಾಲ್ಕು ದಿನ ಲೋಕದಾದ್ಯಂತ ಹಿತ್ತಿಲ ಹಕ್ಕಿಗಳ ಎಣಿಕೆ ನಡೆಯುತ್ತದೆ. ಭಾರತ ಅದರಲ್ಲಿ 2013ರಿಂದ ಭಾಗವಹಿಸುತ್ತಿದೆ. ಕನಿಷ್ಠ ಹದಿನೈದು ನಿಮಿಷ ಒಂದೆಡೆ ಕುಳಿತು ಕಂಡವನ್ನೂ ಕೇಳಿದವನ್ನೂ ಪಟ್ಟಿಮಾಡಿ, ಹಕ್ಕಿಪಟ್ಟಿಗಳನ್ನು ಸಂಗ್ರಹಿಸುವ ಇಬರ್ಡ್ ಎಂಬ ಅಂತರ್ಜಾಲ ತಾಣಕ್ಕೆ ಸೇರಿಸಿದರೆ ಆಯಿತು, ಬಡಾವಣೆಯ ಮಕ್ಕಳನ್ನು ಜೊತೆಗೆ ಕೂರಿಸಿಕೊಂಡರೆ ಅವರೇ ಅದನ್ನು ಫೋನಿನಲ್ಲಿ ತುಂಬಿಕೊಡುತ್ತಾರೆ. 2023ರಲ್ಲಿ ಹೊರಬಂದ ಭಾರತದ ಹಕ್ಕಿಗಳ ಸ್ಥಿತಿಗತಿಯ ವರದಿ 942 ಪ್ರಭೇದಗಳನ್ನು ಪರಿಶೀಲಿಸಲು ಆಧಾರವಾದದ್ದು ಹೀಗೆ ಸುಮಾರು 30,000 ಹಕ್ಕಿವೀಕ್ಷಕರು ಸೇರಿಸಿದ ಪಟ್ಟಿಗಳೇ. ನಿಮ್ಮ ಪಟ್ಟಿಯಲ್ಲಿ ಕಾಗೆ, ಗೊರವಂಕ, ಪಿಕಳಾರ, ಮಡಿವಾಳ ಇಷ್ಟೇ ಇದ್ದರೂ ಕಳುಹಿಸಿ. ಸಾಮಾನ್ಯ ಹಕ್ಕಿಗಳು ಎಲ್ಲಿ ಹೆಚ್ಚುತ್ತಿವೆ, ಎಲ್ಲಿ ಕಡಿಮೆಯಾಗುತ್ತಿವೆ ಎಂಬುದು ತಿಳಿಯುವುದು ಅಂಥ ಪಟ್ಟಿಗಳಿಂದಲೇ.